ಉಳಿಸಿದ ಕರೆಂಟು ಯಾರದು?

ಕರೆಂಟ್ ಉಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಜನ ನಿಜವಾಗಿಯೂ ಉಳಿಸಿಬಿಟ್ಟರೆ ಮನೆ ಮಾಲೀಕನ ಗತಿ ಏನು ಎಂದು ಒಬ್ಬರೂ ಹೇಳುವುದಿಲ್ಲ. ಈ ಅನ್ಯಾಯ ಬೈಲಪ್ಪನವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೆ.ಆರ್. ಪುರದಲ್ಲಿ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬೈಲಪ್ಪನವರು ಬಾಡಿಗೆ ರೂಮುಗಳನ್ನು ಬೆಳೆದಿದ್ದರು. ದೊಡ್ಡ ಮೀಟರು ಅವರ ಮನೆಯಲ್ಲಿ, ಒಂದೊಂದು ರೂಮಿಗೂ ಒಂದೊಂದು ಮರಿ ಮೀಟರು. ವಿದ್ಯುತ್ ಕಂಪನಿಗೆ ಕಟ್ಟುವ ದರ ಒಂದು, ಬಾಡಿಗೆಯವರಿಂದ ವಸೂಲಿ ಮಾಡುವ ದರ ಇನ್ನೊಂದು. (ನಡುವೆ ಉಳಿಯುತ್ತಿದ್ದುದನ್ನು ಅವರು ಲಾಭ ಎನ್ನುತ್ತಿರಲಿಲ್ಲ, ‘ಓಡಾಟದ ಖರ್ಚು’ ಎನ್ನುತ್ತಿದ್ದರು. ಓಡಾಟವೆಂದರೆ ನಡುಮನೆಯಿಂದ ರೂಮಿನ ಬಾಗಿಲವರೆಗೆ.)

ಹೀಗಿರುವಾಗ ಬಡಾವಣೆ ಸಂಘದ ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವ ಆಸೆಗೆ ಬಿದ್ದು, ರೂಮುಗಳ ಹಳದಿ ಬಲ್ಬುಗಳನ್ನೆಲ್ಲ ಕೀಳಿಸಿ ಸ್ವಂತ ಖರ್ಚಿನಲ್ಲಿ ಕರೆಂಟ್ ಕಮ್ಮಿ ಕುಡಿಯುವ ಸಿ.ಎಫ್.ಎಲ್. ಹಾಕಿಸಿಬಿಟ್ಟರು. ಹಾರವೇನೋ ಬಂತು. ಆದರೆ ಮರಿ ಮೀಟರುಗಳು ಜ್ವರ ಬಂದವರಂತೆ ಮೆಲ್ಲಗೆ ತಿರುಗತೊಡಗಿದವು.

“ಲೇ, ಬಲ್ಬಿಗೆ ಹಾಕಿದ್ದೂ ಹೋಯ್ತು, ಬರ್ಬೇಕಾಗಿದ್ದೂ ಹೋಯ್ತು!” ಎಂದು ಹೆಂಡತಿಯ ಮುಂದೆ ಗೋಳಾಡಿದರು.

“ಹಾರ ಬಂತಲ್ಲ,” ಎಂದರು ಆಂಜನಮ್ಮ.

ಅಷ್ಟರಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಹೊರದೇಶದಲ್ಲೆಲ್ಲೋ ವಿದ್ಯುತ್ ಕಂಪನಿಗಳು ಕರೆಂಟ್ ಉಳಿಸಲು ಮಾಡಿದ ಖರ್ಚನ್ನು ಗಿರಾಕಿಗಳ ಬಿಲ್ಲಿಗೇ ಸೇರಿಸುತ್ತವಂತೆ! ಬೈಲಪ್ಪನವರಿಗೆ ಕೂತ ಕುರ್ಚಿಯಲ್ಲೇ ಜ್ಞಾನೋದಯವಾಯಿತು. (ಅದು ಟಿ.ವಿ. ಎದುರಿನ ಬೆತ್ತದ ಕುರ್ಚಿ. ಸಂಜೆಯಾದರೆ ಅದರಲ್ಲಿ ಕಾಲು ಚಾಚುವುದೇ ಅವರ ಬಾಳಿನ ಪರಮಸುಖ.) ಮರುದಿನವೇ ‘ವಿದ್ಯುತ್ ಸಂರಕ್ಷಣಾ ನಷ್ಟ ಪರಿಹಾರ ಶುಲ್ಕ’ ಜಾರಿಗೆ ಬಂತು. ಎಷ್ಟು ಉಳಿಸುತ್ತೀರೋ ಅಷ್ಟು ಶುಲ್ಕ.

ಮೊದಲ ರೂಮಿನ ಚಂದ್ರಾಮಪ್ಪ ರಾಯಚೂರು ಕಡೆಯ ಗಾರೆ ಕೆಲಸದವನು. ಶುಲ್ಕ ಕೊಟ್ಟು, ತಲೆ ಕೆರೆದುಕೊಂಡು ನಿಂತ.

“ಸಾವ್ಕಾರ್ರ, ನಾವು ಉಳಿಸಿದ ಕರೆಂಟು ಎಲ್ಲಿ ಹೋತ್ರಿ?”

ಮಾಲೀಕನಾದವನು ತಿಳಿಯದು ಅನ್ನಬಾರದಲ್ಲ, ಬೈಲಪ್ಪನವರು ಅಂದುಬಿಟ್ಟರು: “ಎಲ್ಲೋಗುತ್ತೆ? ದೊಡ್ಡ ಮೀಟ್ರು ನಮ್ಮನೇಲಿರೋದು. ಇಲ್ಲೇ ಇರುತ್ತೆ.”

“ಹಂಗಂದ್ರ ಅದು ನಮ್ದಾತಲ್ರಿ. ರೊಕ್ಕ ಕೊಟ್ಟೀವಿ.”

“ಆಯ್ತು, ನಿಮ್ದೇ, ಯಾರು ಬೇಡ ಅಂದೋರು!” ಎಂದು ಸಾಗಹಾಕಿದರು. ಅಲ್ಲೇ ಎಡವಿದ್ದು.

ಆ ಸಂಜೆ ಚಂದ್ರಾಮಪ್ಪನ ಹೆಂಡತಿ ಶೇಷಮ್ಮ ಹುರಿದ ಶೇಂಗಾ ಹಿಡಿದು ಬಂದು ಆಂಜನಮ್ಮನ ಮಿಕ್ಸಿಯಲ್ಲಿ ಗರಗರ ಪುಡಿ ಮಾಡಿದಳು. ಪಕ್ಕದ ರೂಮಿನ ರೇವತಿ ಇಡೀ ಮನೆಯ ಬಟ್ಟೆ ತಂದು ಇಸ್ತ್ರಿಗೆ ಕೂತಳು. ಚಂದ್ರಾಮಪ್ಪ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಅವರೆಕಾಯಿ ಕಾಲದ ಆ ಚಳಿಯಲ್ಲೂ ಫ್ಯಾನ್ ಹಾಕಿಸಿದ.

“ಚಳಿಗೆ ಫ್ಯಾನ್ ಯಾಕಯ್ಯಾ?”

“ನಡುಗಾಕ ಹತ್ತೀನ್ರಿ, ಖರೇ. ಆದ್ರ ನಮ್ಮ ಕರೆಂಟು ನಿಮ್ಮ ಮನ್ಯಾಗ ಸುಮ್ನ ಕೊಳೀತೈತಲ್ರಿ!”

ಬೈಲಪ್ಪನವರು ಹೆಂಡತಿಯ ಕಡೆ ನೋಡಿದರು. ಆಂಜನಮ್ಮ ನೆನೆಹಾಕಿದ ಅವರೆಕಾಳಿನ ಬೇಸಿನ್ ತಂದು ಹೆಂಗಸರ ನಡುವೆ ಇಟ್ಟಿದ್ದರು. ಧಾರಾವಾಹಿ ನೋಡುತ್ತ ಎಲ್ಲರೂ ಪುಳಪುಳನೆ ಸಿಪ್ಪೆಯಿಂದ ಬೇಳೆ ಹಿಸುಕುತ್ತಿದ್ದರು. ಹಿತಕಿದ ಬೇಳೆ ಸಾರು ಅಷ್ಟು ಸಲೀಸಾಗಿ ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಇದು ದಿನಾ ನಡೆಯಿತು. ಒಂದು ಸಂಜೆ ಧಾರಾವಾಹಿಯ ನಡುವೆಯೇ ತಾಳಲಾರದೆ ಬೈಲಪ್ಪನವರು ಮೇನ್ ಸ್ವಿಚ್ಚನ್ನೇ ಆರಿಸಿದರು.

“ಅಯ್ಯೋ! ಅತ್ತೆ ನಿಜ ಬಾಯ್ಬಿಡೋ ಹೊತ್ತಲ್ಲೇ ಆರಿಸ್ಬಿಟ್ರಲ್ರೀ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಆಂಜನಮ್ಮನೇ. ಸ್ವಿಚ್ ತಾನಾಗಿ ಮೇಲೆ ಹೋಯಿತು. ಬೈಲಪ್ಪನವರು ತಾವಾಗಿ ಹೊರಗೆ ಹೋದರು.

ಚಂದ್ರಾಮಪ್ಪನ ರೂಮು ಖಾಲಿ ಇತ್ತು. ಒಳಹೊಕ್ಕು ಲೈಟ್ ಹಾಕಿ ಚಾಪೆಯ ಮೇಲೆ ಕೂತರು. ಆಹಾ, ಎಂಥಾ ನೆಮ್ಮದಿ! ಅಷ್ಟರಲ್ಲಿ ಎಲೆ ಅಡಿಕೆ ಚೀಲ ಹುಡುಕಿಕೊಂಡು ಚಂದ್ರಾಮಪ್ಪ ಬಂದ.

“ಕುಂದರ್ರಿ ಸಾವ್ಕಾರ್ರ, ಕುಂದರ್ರಿ. ಈ ಲೈಟಿನ ಯೂನಿಟ್ಟು ಮಾತ್ರ ನಿಮ್ಮ ಲೆಕ್ಕಕ್ಕ ಹಾಕ್ಕೊಳ್ರಿ. ಬ್ಯಾಡಂದ್ರ ಆರಿಸಿ ಕುಂದರ್ರಿ. ಉಳಿಸಿದ್ದಕ್ಕ ಶುಲ್ಕ ಬೀಳ್ತೈತಿ, ಅಷ್ಟ.”

ಬೈಲಪ್ಪನವರಿಗೆ ಅಳು ಬರುವುದೊಂದು ಬಾಕಿ. ಸೀದಾ ನಡುಮನೆಗೆ ನುಗ್ಗಿ ಕೈ ಮುಗಿದರು. “ಶುಲ್ಕಾನೂ ಇಲ್ಲ, ಗಿಲ್ಕಾನೂ ಇಲ್ಲ! ಕೊಟ್ಟಿರೋದನ್ನೂ ವಾಪಸ್ ಕೊಡ್ತೀನಿ. ನಿಮ್ ನಿಮ್ ಮನೇಗೋಗಿ ಧಾರಾಳವಾಗಿ ಲೈಟ್ ಹಾಕ್ಕೊಳ್ರಪ್ಪಾ!”

ಮರುದಿನ ಸಂಜೆ ಮರಿ ಮೀಟರುಗಳು ಗಿರ್ರನೆ ತಿರುಗುತ್ತಿದ್ದವು. ನಡುಮನೆ ಖಾಲಿ, ಬೆತ್ತದ ಕುರ್ಚಿಯೂ ಖಾಲಿ. ಬೈಲಪ್ಪನವರು ಕಾಲು ಚಾಚಿ, “ಅಬ್ಬಾ!” ಎನ್ನುವಷ್ಟರಲ್ಲಿ ತೊಡೆಯ ಮೇಲೆ ತಣ್ಣಗೆ ಒಂದು ಬೇಸಿನ್ ಬಂದು ಕೂತಿತು.

“ಏನಿದು?”

“ಅವರೆಕಾಳು. ದಿನಾ ಅಷ್ಟೊಂದು ಕೈ ಹಿಸುಕ್ತಿದ್ವು, ಎಲ್ಲಾರ್ನೂ ಓಡಿಸಿದ್ರಿ. ನಿಮಗೆ ಕುರ್ಚಿ ಉಳೀತು, ನಂಗೆ ನಷ್ಟ ಆಯ್ತು. ಉಳಿಸ್ಕೊಂಡೋರ ಮೇಲೇ ತಾನೇ ಶುಲ್ಕ ಹಾಕ್ಬೇಕು? ಪೇಪರಲ್ಲೇ ಬಂದಿತ್ತಲ್ಲ!”

ಬೈಲಪ್ಪನವರು ಬೇಸಿನ್ ಸರಿಮಾಡಿಕೊಂಡರು. “ಸರಿ ಬಿಡು. ಟಿ.ವಿ. ನೋಡ್ಕೊಂಡು ಹಿಸುಕ್ತೀನಿ.”

ಆಂಜನಮ್ಮ ಹೋಗುತ್ತ ಹೋಗುತ್ತ ಟಿ.ವಿ. ಆರಿಸಿದರು. “ಅವರೆ ಹಿಸುಕೋಕೆ ಟಿ.ವಿ. ಯಾಕ್ರೀ? ಕರೆಂಟ್ ಉಳೀಲಿ.”

ಮೊದಲನೇ ಬೇಳೆ ಬೆರಳಿನಿಂದ ಚಿಮ್ಮಿ ಸೀದಾ ಮೂಗಿಗೆ ಬಡಿಯಿತು. ಬೈಲಪ್ಪನವರು ಎರಡನೆಯದನ್ನು ಎತ್ತಿಕೊಂಡರು.