ಮರದ ನೆಲಕ್ಕೆ ಎಣ್ಣೆ ಹಚ್ಚಿಸಿದ್ದು

ಮನೆಗೆ ಮರದ ನೆಲ ಹಾಕಿಸಿಕೊಂಡವರು ನಗುವುದಕ್ಕೆಂದು ಬೇರೆಲ್ಲೂ ಹೋಗಬೇಕಾಗಿಲ್ಲ. ವಾರಕ್ಕೊಂದರಂತೆ ಏನಾದರೂ ನಡೆಯುತ್ತಲೇ ಇರುತ್ತದೆ, ನಾವು ಎಷ್ಟೇ ಶಿಸ್ತಿನಿಂದ ಇದ್ದರೂ.

ಸಂಜಯನಗರದ ನಮ್ಮ ಮನೆಯ ಹಾಲ್‌ಗೆ ಹೋದ ವರ್ಷ ತೇಗದ ಹಲಗೆ ಹಾಕಿಸಿದೆವು. ನಾನು ಓದಿದ ಕಾನ್ವೆಂಟಿನ ಪ್ರಾರ್ಥನೆಯ ಹಾಲ್‌ನಲ್ಲಿ ಅಂಥ ನೆಲವಿತ್ತು. ಸಿಸ್ಟರ್‌ಗಳು ಅದನ್ನು ಮಂಡಿಯೂರಿ ಉಜ್ಜುತ್ತಿದ್ದರು, ನಾವು ಶೂ ಬಿಚ್ಚಿ ಸಾಲಾಗಿ ನಡೆಯುತ್ತಿದ್ದೆವು. ನಮ್ಮ ನೆಲವೂ ಹಾಗೆಯೇ ಕಾಣಬೇಕೆಂಬುದು ನನ್ನ ಏಕೈಕ ಷರತ್ತು. ಗಡುವೂ ಒಂದಿತ್ತು. ನನ್ನ ಹನ್ನೊಂದು ಮಂದಿ ಸಹಪಾಠಿಗಳು ಒಂದು ಭಾನುವಾರ ಚಹಾಕ್ಕೆ ಬರುವವರಿದ್ದರು. ಕಿಟಕಿಯ ಮೂಲೆಯಲ್ಲಿರುವ ಧೂಳನ್ನು ಗೇಟಿನಿಂದಲೇ ನೋಡಬಲ್ಲವರು ಅವರು. ನೋಡಿ ಸುಮ್ಮನಿರುವವರೂ ಅಲ್ಲ.

ಹಲಗೆ ಹಾಕಿಸುವುದು ಸುಲಭ. ಅದರ ಮೇಲೆ ಏನು ಹಚ್ಚಬೇಕೆಂಬುದು ಕಷ್ಟ.

ಬೀಗದ ಕೈ

ಮೊದಲು ಯಶವಂತಪುರದ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಗಾಜಿನಂತೆ ಹೊಳೆಯುವ ಒಂದು ಮಾದರಿ ಹಲಗೆಯನ್ನು ಮೇಜಿನ ಮೇಲಿಟ್ಟು, "ಪಿ.ಯು. ಕೋಟಿಂಗ್ ಮೇಡಂ, ಮರದ ಮೇಲೆ ಪ್ಲಾಸ್ಟಿಕ್ ಪದರ ಇದ್ದಂಗೆ. ಹತ್ತು ವರ್ಷ ಏನ್ ಮಾಡಿದ್ರೂ ಗೀರು ಬೀಳಲ್ಲ" ಎಂದರು.

"ಏನು ಮಾಡಿದರೂ?"

"ಏನ್ ಬೇಕಾದ್ರೂ ಮಾಡಿ."

ನಾನು ಕೈಚೀಲದಿಂದ ಮನೆಯ ಬೀಗದ ಕೈ ತೆಗೆದು ಒಂದು ಗೆರೆ ಎಳೆದೆ. ಗೆರೆ ಬಿತ್ತು. ಚೆನ್ನಾಗಿಯೇ ಬಿತ್ತು.

ಅವರು ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಮನೇಲಿ ಯಾರು ಮೇಡಂ ನೆಲದ ಮೇಲೆ ಕೀ ಇಟ್ಕೊಂಡ್ ಗೀಚ್ತಾರೆ?"

"ನೀವು ಏನು ಬೇಕಾದರೂ ಮಾಡಿ ಎಂದಿರಿ."

ಅವರು ಹಲಗೆಯನ್ನು ಮೇಜಿನ ಕೆಳಗಿಟ್ಟರು. "ನಿಮ್ಮಂಥೋರಿಗೆ ಗ್ರಾನೈಟೇ ಒಳ್ಳೇದು. ಎದುರಿನ ಅಂಗಡಿ ನಮ್ಮ ಭಾವಂದು. ಮೂರು ವರ್ಷದಿಂದ ಮಾತಿಲ್ಲ ನಮಗೆ. ದಯವಿಟ್ಟು ಅಲ್ಲಿಗೆ ಹೋಗಿ."

ನಾಲ್ಕು ತುಂಡು

ಅಂಗಡಿಯವರ ಮಾತನ್ನು ನಂಬಬಾರದೆಂದು ನಿಶ್ಚಯಿಸಿ ನಾನೇ ಪರೀಕ್ಷೆ ಇಟ್ಟೆ. ಉಳಿದಿದ್ದ ನಾಲ್ಕು ಹಲಗೆ ತುಂಡುಗಳಿಗೆ ನಮ್ಮ ಪಾಲಿಶ್ ಮೇಸ್ತ್ರಿ ನಾಲ್ಕು ಬಗೆ ಹಚ್ಚಿಕೊಟ್ಟರು. ಒಂದನೆಯದಕ್ಕೆ ವಾರ್ನಿಷ್, ಎರಡನೆಯದಕ್ಕೆ ಪಿ.ಯು., ಮೂರನೆಯದಕ್ಕೆ ಎಣ್ಣೆ ಮತ್ತು ಮೇಣದ ಮಿಶ್ರಣ, ನಾಲ್ಕನೆಯದಕ್ಕೆ ಬರೀ ಮೇಣ. ಅವು ಒಣಗಿದ ಮೇಲೆ ಹಾಲ್‌ನಲ್ಲಿ ಸಾಲಾಗಿ ಜೋಡಿಸಿ, ಪ್ರತಿ ಸಂಜೆ ಒಂದೊಂದರ ಮೇಲೂ ಒಂದು ಚಮಚ ಕಾಫಿ, ಒಂದು ಚಮಚ ಅರಿಶಿನದ ನೀರು ಹಾಕಿ, ಬೆಳಿಗ್ಗೆ ಫಲಿತಾಂಶವನ್ನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಒಂದು, ಎರಡು, ನಾಲ್ಕರ ಮೇಲೆ ಕಲೆ. ಮೂರರ ಮೇಲೆ ಕಲೆಯ ಸುಳಿವೇ ಇಲ್ಲ. ಐದು ದಿನವೂ ಹಾಗೆಯೇ.

ಆರನೆಯ ದಿನ ಮೇಸ್ತ್ರಿಯನ್ನು ಕರೆಸಿ, ಯಜಮಾನರ ಮುಂದೆಯೇ ಪುಸ್ತಕವನ್ನು ಓದಿ ಹೇಳಿದೆ. ಮೇಸ್ತ್ರಿ ಮೂರನೆಯ ತುಂಡನ್ನು ತಿರುಗಿಸಿ ನೋಡಿ, "ಅರಿಶಿನಾನೂ ಅತ್ತಿಲ್ಲ ಅಂದ್ರೆ ಇದು ಆಗೋ ಮಾತಲ್ಲ ಮೇಡಂ" ಎಂದರು. ಅವರು ಜಕ್ಕೂರಿನ ಹಳೇ ಊರಿನವರು, ಮಾತಿನಲ್ಲಿ ಹಕಾರವಿಲ್ಲ. ಕೆಲಸದಲ್ಲಿ ಕೊರತೆಯಿಲ್ಲ.

ಯಜಮಾನರು ಪೇಪರ್ ಮಡಿಸಿದರು. ಅವರ ಕುರ್ಚಿ ಇದ್ದದ್ದು ಮೂರನೆಯ ತುಂಡಿನ ಪಕ್ಕದಲ್ಲಿ.

"ಅದನ್ನ ದಿನಾ ನಾನೇ ಒರೆಸ್ತಿದ್ದೆ" ಎಂದರು. "ಕಾಫಿ ನಾನೇ ಚೆಲ್ಲಿದ್ದೀನಿ ಅಂದ್ಕೊಂಡೆ."

"ಮತ್ತೆ ಅರಿಶಿನ?"

"ಅದೂ ನಾನೇ ಇರ್ಬೇಕು ಅಂದ್ಕೊಂಡೆ."

ಒಣ ಬಟ್ಟೆ

ಕುರ್ಚಿಯನ್ನು ವರಾಂಡಕ್ಕೆ ಹಾಕಿಸಿ ಪರೀಕ್ಷೆಯನ್ನು ಮತ್ತೆ ನಡೆಸಿದೆ. ಈ ಸಲ ಮೂರಕ್ಕೂ ಅರಿಶಿನ ಹತ್ತಿತು. ಆದರೂ ಅದನ್ನೇ ಆರಿಸಿದೆ. ಎಣ್ಣೆ-ಮೇಣ ಹಚ್ಚಿದ ನೆಲದಲ್ಲಿ ಮರ ಮರದಂತೆಯೇ ಕಾಣುತ್ತದೆ. ಕಲೆಯಾದರೆ ಆ ಜಾಗವನ್ನಷ್ಟೇ ಉಜ್ಜಿ ಮತ್ತೆ ಹಚ್ಚಬಹುದು. ಒಂದೇ ನಿಯಮ: ಹಚ್ಚಿದ ಮೇಲೆ ಹತ್ತು ದಿನ ನೀರು ಸೋಕಬಾರದು.

ಕೆಲಸದಾಕೆ ಅಲ್ಲಾಳಸಂದ್ರದಿಂದ ಬರುತ್ತಾಳೆ. ಬಕೆಟ್ ತುಂಬ ನೀರು, ಅದಕ್ಕೆ ಫಿನಾಯಿಲ್, ಇದು ಇಪ್ಪತ್ತು ವರ್ಷಗಳ ಅಭ್ಯಾಸ. ಅವಳ ಕೈಗೆ ಒಣ ಬಟ್ಟೆ ಕೊಟ್ಟು, ಇಷ್ಟರಲ್ಲೇ ಒರೆಸಬೇಕು ಎಂದೆ.

ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ಸ್ನಾನ ಮಾಡ್ದೆ ಪೌಡರ್ ಹಾಕ್ಕೊಂಡಂಗೆ ಅಲ್ವಾ ಅಮ್ಮಾ?"

"ಹೇಳಿದಷ್ಟು ಮಾಡು."

ಮಾಡಿದಳು. ಪಕ್ಕದ ಮನೆಗೂ ಅವಳೇ ಕೆಲಸಕ್ಕೆ. ಸಂಜೆ ಆ ಮನೆಯಾಕೆಯ ಫೋನ್ ಬಂತು. ದನಿ ತಗ್ಗಿಸಿ ಮಾತಾಡಿದರು. "ಎಲ್ಲಾ ಗೊತ್ತಾಯ್ತು ಕಣ್ರೀ. ನಮ್ಮ ಬೋರಲ್ಲಿ ನೀರಿದೆ, ಪೈಪ್ ಎಳ್ಕೊಳ್ಳಿ. ನೆಲ ಒರೆಸೋಕೂ ನೀರಿಲ್ಲದಷ್ಟು ಆಗೋವರೆಗೆ ಯಾರಾದ್ರೂ ಸುಮ್ನಿರ್ತಾರಾ? ಸ್ನಾನಕ್ಕೆ ಬೇಕಾದ್ರೆ ಇಲ್ಲಿಗೇ ಬನ್ನಿ. ಟವೆಲ್ ಮಾತ್ರ ತನ್ನಿ."

ಪುಟ್ಟ ಪಾದ

ಎಣ್ಣೆ ಹಚ್ಚಿದ ನಾಲ್ಕನೆಯ ದಿನ ಗೋಕುಲಾಷ್ಟಮಿ. ಚಹಾದ ಭಾನುವಾರಕ್ಕೆ ಇನ್ನು ಐದೇ ದಿನ. ನಾನು ಯಲಹಂಕದಲ್ಲಿರುವ ತಂಗಿಯ ಮನೆಗೆ ಹೋಗಿ ಸಂಜೆ ಬಂದೆ. ಮುಂಬಾಗಿಲಿನಿಂದ ದೇವರ ಕೋಣೆಯವರೆಗೆ, ನನ್ನ ತೇಗದ ನೆಲದ ಮೇಲೆ, ನೀರಲ್ಲಿ ಕಲಸಿದ ಅಕ್ಕಿಹಿಟ್ಟಿನಲ್ಲಿ ಬರೆದ ಹದಿನಾಲ್ಕು ಪುಟ್ಟ ಪಾದಗಳು.

"ನೀರು ಸೋಕಬಾರದು ಎಂದಿದ್ದೆ" ಎಂದೆ.

"ಅದು ನೀರಲ್ಲಮ್ಮ, ಹಿಟ್ಟು" ಎಂದರು ನಮ್ಮತ್ತೆ. ಅವರಿಗೆ ಮಂಡಿನೋವು, ಬಗ್ಗಲಾಗದು. ಕುರ್ಚಿಯಲ್ಲಿ ಕೂತು ಮಗನ ಕೈಯಲ್ಲಿ ಬರೆಸಿದ್ದರು. ಹಬ್ಬದ ದಿನ ಒರೆಸಕೂಡದೆಂದೂ ಹೇಳಿದರು. ಬೆಳಿಗ್ಗೆ ಒರೆಸಿದಾಗ ಹಿಟ್ಟು ಹೋಯಿತು, ಪಾದಗಳು ಉಳಿದವು. ಹಸಿ ಎಣ್ಣೆಯ ಮೇಲೆ ನೀರಿನ ಅಚ್ಚು ಬಿಳಿಯಾಗಿ ಕೂತಿತ್ತು.

ಮೇಸ್ತ್ರಿ ಬಂದರು. ಚೀಲದಿಂದ ಸ್ಯಾಂಡ್‌ಪೇಪರ್ ತೆಗೆದು ಮಂಡಿಯೂರಿದವರು, ಹಾಗೆಯೇ ಅದನ್ನು ಒಳಗಿಟ್ಟರು.

"ಇದು ದೇವ್ರ ಪಾದ ಅಲ್ವಾ ಮೇಡಂ."

"ಅಕ್ಕಿಹಿಟ್ಟಿನ ಕಲೆ."

"ನಂಗೂ ಮಕ್ಕಳವ್ರೆ ಮೇಡಂ. ಕೃಷ್ಣನ ಪಾದ ಎಂಗೆ ಉಜ್ಲಿ?"

"ಸರಿಯಾಗಿ ಹೇಳ್ದೆ ನೋಡು" ಎಂದರು ಅತ್ತೆ.

ಕಾರ್ಪೆಟ್ ಹಾಸಿ ಮುಚ್ಚಿಬಿಡೋಣ ಎಂದರು ಯಜಮಾನರು.

"ಹಾಸು. ಆಮೇಲೆ ಹನ್ನೊಂದು ಜನ ಹೆಂಗಸರು ದೇವ್ರ ಪಾದ ತುಳ್ಕೊಂಡು ಚಹಾ ಕುಡೀಲಿ" ಎಂದರು ಅತ್ತೆ.

ಎರಡು ಪಟ್ಟು ಕೂಲಿ ಕೊಡುತ್ತೇನೆಂದೆ. ಮೇಸ್ತ್ರಿ ಕೈಮುಗಿದರು. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡು, ಕೊನೆಯ ಸಲವೆಂಬಂತೆ ನೆಲವನ್ನು ನೋಡಿದರು. ಅಲ್ಲೇ ನಿಂತರು.

"ಸಾರ್, ಇವು ಎತ್ಲಾಗೆ ಓಯ್ತಾವೆ?"

ಎಲ್ಲರೂ ನೋಡಿದೆವು. ಹದಿನಾಲ್ಕು ಪಾದಗಳ ಬೆರಳುಗಳೂ ಬಾಗಿಲ ಕಡೆಗಿದ್ದವು. ಬರೆದದ್ದನ್ನು ತುಳಿಯಬಾರದೆಂದು ಯಜಮಾನರು ಬಾಗಿಲಿಗೆ ಮುಖ ಮಾಡಿ ಕೂತು, ಅಲ್ಲಿಂದ ಹಿಂದೆ ಹಿಂದೆ ಸರಿಯುತ್ತಾ ದೇವರ ಕೋಣೆಯವರೆಗೆ ಬರೆದಿದ್ದರು. ಬೆರಳನ್ನು ಮುಂದಕ್ಕೆ ಇಡಬೇಕೆಂದು ಅತ್ತೆ ಹೇಳಿದ್ದರಂತೆ. ತಮ್ಮ ಮುಂದಕ್ಕೆ ಇಟ್ಟಿದ್ದರು.

"ಒಳಗೆ ಕರ್ಕೊಂಡ್ ಬಾ ಅಂದ್ರೆ ಆಚೆಗೆ ಕಳಿಸಿದ್ದೀಯಲ್ಲೋ" ಎಂದು ಅತ್ತೆ ಹಣೆಗೆ ಕೈ ಹಚ್ಚಿದರು.

ಮೇಸ್ತ್ರಿ ಚಪ್ಪಲಿ ಬಿಚ್ಚಿ ಒಳಗೆ ಬಂದರು. ಸ್ಯಾಂಡ್‌ಪೇಪರ್ ತೆಗೆದು, ನೆಮ್ಮದಿಯಿಂದ ಮಂಡಿಯೂರಿದರು.

"ಅಂಗಿದ್ರೆ ಏನೂ ತೊಂದ್ರೆ ಇಲ್ಲ ಮೇಡಂ. ದೇವ್ರು ಆಗ್ಲೇ ಒಂಟೋಗವ್ನೆ."