ಭತ್ತದ ಚೀಲದ ರಾಮೇಶ್ವರ ಯಾತ್ರೆ

ರಾಮೇಶ್ವರಕ್ಕೆ ಹೋಗುವ ದಾರಿಗಳನ್ನೆಲ್ಲ ಬಲ್ಲವರು ಇಡೀ ಕಂಪ್ಲಿಯಲ್ಲಿ ಒಬ್ಬರೇ, ನಮ್ಮ ಸೋದರಮಾವ. ಅವರು ಮಾತ್ರ ಬಳ್ಳಾರಿಯ ಆಚೆ ಕಾಲಿಟ್ಟವರಲ್ಲ! ನಗುವಿರಾದರೆ ನಗಿರಿ, ಆಗ ಊರಿಗೆ ಊರೇ ನಕ್ಕಿತ್ತು. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಯಾವುದೋ ಜ್ವರ ಬಂದು ಅತ್ತೆಯ ಕಾಲುಗಳ ಬಲ ಹೋಗಿತ್ತು. ಅವರಿಗಿದ್ದದ್ದು ಒಂದೇ ಆಸೆ: ರಾಮೇಶ್ವರದ ಸಮುದ್ರದಲ್ಲಿ ಒಮ್ಮೆ ಮುಳುಗಿ ಏಳಬೇಕು. ರಾಮೇಶ್ವರವೋ ದ್ವೀಪದ ಮೇಲಿನ ಊರು. ಗುಂತಕಲ್ಲು, ಮದ್ರಾಸು ಎಂದು ಗಾಡಿ ಬದಲಿಸುತ್ತ ಮಂಡಪಂ ಮುಟ್ಟಿದರೆ ಅಲ್ಲಿಂದ ಸಮುದ್ರದ ಸೇತುವೆಯ ಮೇಲೆ ರೈಲು, ಇಲ್ಲವೇ ದೋಣಿ. ಹೋಗಿಬಂದವರು ಸಿಕ್ಕರೆ ಮಾವ ದೇವರ ದರ್ಶನದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ಗಾಡಿ ಮೆಟ್ಟಲು ಮೊಳಕಾಲಿಗೆ ಬರ್ತಾವೋ, ಸೊಂಟಕ್ಕ ಬರ್ತಾವೋ?" ಎನ್ನುತ್ತಿದ್ದರು.

"ಅತ್ತೀನ ಹೊರಾಕ ಆಳು ಸಿಗ್ತಾರ ಬಿಡ್ರಿ ಮಾವ," ಎಂದೆ.

"ಹೆಂಡ್ತಿ ನನ್ನಾಕಿ. ಆಳು ಯಾಕಲೇ?"

ಹೊರುವ ಅಭ್ಯಾಸ ಶುರುವಾಯಿತು. ಅತ್ತೆಯನ್ನು ಬಂಡಿಯಲ್ಲಿ ಅಕ್ಕಿ ಗಿರಣಿಗೆ ಕರೆದೊಯ್ದು ದೊಡ್ಡ ತಕ್ಕಡಿಯಲ್ಲಿ ಕೂಡಿಸಿದರು. ಎದುರು ತಟ್ಟೆಯಲ್ಲಿ ಅಷ್ಟೇ ತೂಕದ ಭತ್ತದ ಚೀಲ!

"ಭತ್ತದ ಧಾರಣಿ ನನಗ ಹಚ್ಚಬ್ಯಾಡ್ರಿ ಮತ್ತ!" ಎಂದರು ಅತ್ತೆ, ತಕ್ಕಡಿಯಿಂದಲೇ.

ನನ್ನನ್ನು ಜೊತೆಗಿಟ್ಟುಕೊಂಡು ಮಾವ ಬಂಡಿಯಲ್ಲಿ ಹೊಸಪೇಟೆಗೆ ಹೋಗಿ, ಆ ಚೀಲವನ್ನು ಬೆನ್ನಿಗೇರಿಸಿ ಸ್ಟೇಷನ್ ಹೊಕ್ಕರು. ಹತ್ತಿರದ ಗಾದಿಗನೂರಿಗೆ ಚೀಲಕ್ಕೂ ಟಿಕೆಟ್ ಕೇಳಿದರು.

"ಲಗೇಜಿಗೆ ಹಾಕ್ರೀ ಯಜಮಾನ್ರ," ಎಂದರು ಟಿಕೆಟ್ ಕೊಡುವವರು.

"ಆಗಂಗಿಲ್ರಿ. ಅದು ಕಿಟಕಿ ಪಕ್ಕ ಕುಂದ್ರಬೇಕು."

ಕೂತಿತು ಕೂಡ! ಪಾಪಿನಾಯಕನಹಳ್ಳಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಚೀಲ ಸರಿಸಿ ಎಂದಳು. ಮಾವ ತಾವೇ ಎದ್ದು ನಿಂತು ಜಾಗ ಕೊಟ್ಟರು. ಚೀಲ ಗಾದಿಗನೂರಿನವರೆಗೂ ಹೊರಗೆ ನೋಡುತ್ತ ಪ್ರಯಾಣ ಮಾಡಿತು.

ಇನ್ನು ದೋಣಿಯ ಸರದಿ. ನಮ್ಮಲ್ಲಿ ದೋಣಿ ಎಲ್ಲಿಂದ ಬರಬೇಕು? ಹರಗೋಲಿನಲ್ಲಿ ತುಂಗಭದ್ರೆ ದಾಟಿದೆವು. ಆಗ ಆಚೆ ದಂಡೆ ನಿಜಾಮರದು. ಸುಂಕದವನು ಚೀಲ ತಡೆದ.

"ಎಲ್ಲಿಗೆ ಒಯ್ತೀರಿ?"

"ವಾಪಸ್ ಕಂಪ್ಲಿಗೆ."

"ಮತ್ತ ತಂದಿದ್ದು ಯಾಕ?"

"ನೀರಿನ ಮ್ಯಾಲೆ ಹೆಂಗ ಕುಂದ್ರತೈತಿ ನೋಡಾಕ."

ಅವನು ಮಾವನನ್ನು ನೋಡಿದ, ಚೀಲವನ್ನು ನೋಡಿದ, ಕೊನೆಗೆ ಕನಿಕರದಿಂದ ನನ್ನನ್ನು ನೋಡಿದ. ಬಿಟ್ಟುಬಿಟ್ಟ.

ಮರಳುವಾಗ ನಡೆದದ್ದು ಮಾತ್ರ ನಗುವಂಥದ್ದಲ್ಲ. ನಡುಹೊಳೆಯ ಬಂಡೆಗೆ ತಾಗಿ ಹರಗೋಲು ಗಿರ್ರನೆ ತಿರುಗಿತು. ಒಂದು ಅಂಚು ಬಗ್ಗಿತು, ನೀರು ಒಳಗೆ ಬಂತು. ನಾನು ಎದುರಿನ ಅಂಚನ್ನು ತಬ್ಬಿಕೊಂಡೆ. ಚೀಲ ಮಾವನ ಕೈ ತಪ್ಪಿ ಜಾರಿತು.

"ಒಗೀರಿ ಅದನ್ನ! ಜಲ್ದಿ!" ಎಂದು ಅಂಬಿಗ ಕೂಗಿದ.

ಮಾವ ಒಗೆಯಲಿಲ್ಲ. ಕಣ್ಣು ಮುಚ್ಚಿ ಎರಡೂ ತೋಳುಗಳಿಂದ ಅದನ್ನು ಅವಚಿಕೊಂಡರು. ಅಂಬಿಗ ಹೇಗೋ ಹುಟ್ಟು ಹಾಕಿ ದಡ ಮುಟ್ಟಿಸಿದ.

ಮನೆಗೆ ಬಂದು ಒದ್ದೆ ಚೀಲವನ್ನು ಪಡಸಾಲೆಯಲ್ಲಿ ಇಳಿಸಿದ ಮಾವ ಅತ್ತೆಯ ಮುಖ ನೋಡಲಿಲ್ಲ.

"ದೋಣಿ ಬ್ಯಾಡ. ರೈಲೂ ಬ್ಯಾಡ. ಹೋಗೂದೇ ಬ್ಯಾಡ," ಎಂದರು. "ನನ್ನ ಕೈಯಾಗ ನಿಲ್ಲಲಿಲ್ಲ ಅದು. ಜಾರಿತು."

ಅತ್ತೆ, "ಬರ್ರಿ ಇಲ್ಲಿ. ನನಗ ಬೆನ್ನು ಕೊಟ್ಟು ಕುಂದ್ರಿ," ಎಂದರು.

ಮಾವ ಕೂತರು. ಅತ್ತೆ ಹಿಂದಿನಿಂದ ಅವರ ಕೊರಳಿಗೆ ತೋಳು ಸುತ್ತಿ, ಬೆರಳಿಗೆ ಬೆರಳು ಹೆಣೆದು ಬಿಗಿಹಿಡಿದರು.

"ಆ ಚೀಲಕ್ಕ ಕೈ ಎಲ್ಲಿದ್ದವು? ನನಗ ಅದಾವ. ನಾನೂ ಹಿಡ್ಕೊಂಡಿರ್ತೀನಿ. ಏಳ್ರಿ."

ಮಾವ ಎದ್ದರು. ಹೊಸ್ತಿಲು ದಾಟಿದರು, ಮೆಟ್ಟಿಲಿಳಿದರು, ಬೀದಿಗೆ ಬಂದು ನಿಂತರು.

"ತಕ್ಕಡಿ ಸುಳ್ಳು ಹೇಳೈತಿ," ಎಂದರು. "ನೀ ಭಾಳ ಹಗುರ ಅದಿ."

ಕೆಳಗಿಳಿಸಲೂ ಇಲ್ಲ. ಹಾಗೇ ನಿಂತು ನನ್ನತ್ತ ತಿರುಗಿದರು.

"ಲೇ ಅಳಿಯ, ಏನು ನೋಡ್ತಿ? ಹೊಸಪೇಟೆಗೆ ಬಂಡಿ ಹೂಡು!"