ಪೆಟೂನಿಯಾಕ್ಕೆ ಆದ ಎರಡು ಅನ್ಯಾಯ

ವಯಸ್ಸಾದಂತೆ ಕೋಪ ಇಳಿಯುತ್ತದೆಂದು ಹೇಳುವವರು ನಿವೃತ್ತ ಸಂಶೋಧಕರನ್ನು ಹತ್ತಿರದಿಂದ ಕಂಡವರಲ್ಲ. ಕೆಲಸದಲ್ಲಿದ್ದಾಗ ನನ್ನ ಸಿಟ್ಟನ್ನು ಹಂಚಿಕೊಳ್ಳಲು ಒಂದು ವಿಭಾಗವೇ ಇತ್ತು. ಹುಣಸೂರಿನ ಅಂಚಿನ ಈ ಮನೆಗೆ ಬಂದ ಮೇಲೆ ಅದಷ್ಟೂ ನನ್ನ ಹೆಂಡತಿ ಸರೋಜಳ ಪಾಲಾಗಿದೆ. 2006ರಲ್ಲಿ, ಜೀನ್‌ಗಳ ಬಾಯಿ ಮುಚ್ಚಿಸುವ ವಿದ್ಯಮಾನಕ್ಕೆ ನೊಬೆಲ್ ಬಂತು. ಕೊಟ್ಟದ್ದು ಯಾವುದಕ್ಕೆ? 1998ರ ಹುಳುವಿನ ಪ್ರಯೋಗಕ್ಕೆ! ಪೆಟೂನಿಯಾ ಹೂವಿನ ನೇರಳೆಯನ್ನು ಗಾಢಗೊಳಿಸಲೆಂದು ಬಣ್ಣದ ಜೀನಿನ ಇನ್ನೊಂದು ಪ್ರತಿಯನ್ನು ಸೇರಿಸಿದಾಗ, ಹಳತು ಹೊಸತು ಎರಡೂ ಸುಮ್ಮನಾಗಿ ಹೂವು ಬೆಳ್ಳಗಾದ ವರದಿ ಬಂದದ್ದು 1990ರಲ್ಲಿ. ಹಾಗೆ ಸುಮ್ಮನಾಗಿಸುವ ಪುಟ್ಟ ಆರ್‌ಎನ್‌ಎ ತುಣುಕುಗಳು ಮೊದಲು ಕಣ್ಣಿಗೆ ಬಿದ್ದದ್ದೂ ಗಿಡಗಳಲ್ಲೇ, 1999ರಲ್ಲಿ. ಈ ಇಸವಿಗಳನ್ನು ನಾನು ಮತ್ತೆ ಮತ್ತೆ ತಾಳೆ ನೋಡಿದ್ದೇನೆ. "ಗಿಡಕ್ಕೇ ಬೇಜಾರಿಲ್ಲ, ನಿಮಗ್ಯಾಕ್ರೀ?" ಎಂಬುದು ಸರೋಜಳ ತೀರ್ಪು.

ಮರುವರ್ಷದ ವಿಜ್ಞಾನ ದಿನಕ್ಕೆ ಇಲ್ಲಿನ ಪ್ರೌಢಶಾಲೆಯವರು ಭಾಷಣಕ್ಕೆ ಕರೆದಾಗ, ಗಿಡದ ಪರವಾಗಿ ವಾದಿಸಲು ಕಡೆಗೂ ಒಂದು ನ್ಯಾಯಾಲಯ ಸಿಕ್ಕಿತೆಂದು ಹಿಗ್ಗಿದೆ. ನನ್ನ ಬಳಿ ಸಾಕ್ಷಿಯೂ ಇತ್ತು: ಬೇಲಿಯ ಪಕ್ಕದ ಕುಂಡದಲ್ಲಿ, ನೇರಳೆ ಹೂವಿನ ಮೇಲೆ ನಕ್ಷತ್ರದಂತೆ ಬಿಳಿ ಪಟ್ಟೆ ಬಿಡಿಸಿಕೊಂಡ ಒಂದೇ ಒಂದು ಪೆಟೂನಿಯಾ. ಆ ಬಿಳುಪು, ಬಣ್ಣದ ಜೀನನ್ನು ಪುಟ್ಟ ಆರ್‌ಎನ್‌ಎ ಸುಮ್ಮನಾಗಿಸಿದ ಜಾಗ. ಭಾಷಣದ ಹಿಂದಿನ ದಿನ ಮೈಸೂರಿಗೆ ಹೋಗಿ ಬಂದು ನೋಡುತ್ತೇನೆ, ಕುಂಡ ಬರಿದು.

ಬೇಲಿಯಾಚೆ ನಿಂಗೇಗೌಡರ ಹೊಗೆಸೊಪ್ಪಿನ ಸಸಿಮಡಿ. ಹೊಗೆಸೊಪ್ಪು ಬೆಳೆಯುವವರ ಕಣ್ಣಿಗೆ ಮಚ್ಚೆ ಬಿದ್ದ ಗಿಡ ಕಂಡರೆ, ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ.

"ನಾನೇ ಕಿತ್ತೆ ಸಾ," ಎಂದರು ಗೌಡರು, ಉಪಕಾರ ಮಾಡಿದವರ ಧ್ವನಿಯಲ್ಲಿ. "ಪಟ್ಟೆ ಬಿದ್ದಿತ್ತು. ಮೊಸಾಯಿಕ್ ರೋಗ. ನಮ್ ಸಸಿಗೆ ಅಂಟ್ಕಂಡಿದ್ರೆ ಇಡೀ ಮಡಿ ಓಗ್ಬುಡದು. ಗುಂಡಿ ತೋಡಿ ಊತಾಕಿವ್ನಿ."

"ಅದು ರೋಗವಲ್ಲ ಗೌಡರೇ, ವಿಜ್ಞಾನ!"

"ಇರ್ಬೋದು ಬುಡಿ. ಅಂಟೋ ವಿಜ್ಞಾನವಾ?"

ಪಟ್ಟೆ ಅಂಟುವುದಿಲ್ಲ ಎಂದೆ. ಆದರೆ ಮೊಸಾಯಿಕ್ ಪೆಟೂನಿಯಾಕ್ಕೂ ಬರುತ್ತದೆಂಬುದನ್ನು ಶಾಸ್ತ್ರನಿಷ್ಠೆಗಾಗಿ ಸೇರಿಸಬೇಕಾಯಿತು.

"ಅಂಗಾರೆ ಕಿತ್ತಿದ್ದೇ ಸೈ," ಎಂದು ಗೌಡರು ಮಡಿಗೆ ನೀರು ಹಾಕಲು ಹೊರಟರು.

ಮರುದಿನ ಬರಿ ಕುಂಡವನ್ನೇ ಮೇಜಿನ ಮೇಲಿಟ್ಟು ಗುಡುಗಿದೆ. ಆ ದೂರದೇಶದ ನೊಬೆಲ್ ಸಮಿತಿಯನ್ನೂ ಬಿಡಲಿಲ್ಲ, ಹೆಸರು ಹೇಳದೆ ಬೇಲಿಯಾಚೆಯವರನ್ನೂ ಬಿಡಲಿಲ್ಲ. ಪ್ರಶ್ನೆಗಳಿವೆಯೇ ಎಂದಾಗ, ಶಾಲಾ ಸಮಿತಿಯ ಸದಸ್ಯರಾಗಿ ಮುಂದಿನ ಸಾಲಿನಲ್ಲಿ ಕೂತಿದ್ದ ಗೌಡರೇ ಎದ್ದರು.

"ಅಲ್ಲ ಸಾ, ದಿನಾ ಬೇಲಿ ತಾವ ನಿಂತ್ಕಂಡು ನಂಜೊತೆ ಮಾತಾಡ್ತಿದ್ರಲ್ಲ. ಈ ಪಟ್ಟೆ ರೋಗ ಅಲ್ಲ ಕಣ್ರೀ ಗೌಡ್ರೇ ಅಂತ ಒಂದ್ ಮಾತು ಯೋಳ್ಬಾರ್ದಿತ್ತಾ?"

ಸಭೆ ನಕ್ಕಿತು, ಹಿಂದಿನ ಸಾಲಿನಿಂದ ಕೇಳಿಬಂದ ಅತಿ ದೊಡ್ಡ ನಗು ಸರೋಜಳದು. ನನಗೆ ಮೈಯೆಲ್ಲ ಉರಿದುಹೋಯಿತು. ದಿನವೂ ಬೇಲಿಯ ಬಳಿ ನಿಂತು ನಾನು ಗೌಡರಿಗೆ ಹೇಳುತ್ತಿದ್ದದ್ದು ಇಸವಿಗಳನ್ನು. ಅವುಗಳಲ್ಲಿ ಒಂದೂ ತಪ್ಪಿರಲಿಲ್ಲ.